ಅಕ್ಕೋರು ಇಳಿಸಿದ ಹಾರ್ನು

ಎರಡು ಹಾರ್ನು, ಒಂದು ಆಂಪ್ಲಿಫೈಯರು, ಒಂದು ಮೈಕು, ಹಾಡಿನ ಪ್ಲೇಟು ತಿರುಗಿಸುವ ಪೆಟ್ಟಿಗೆ, ಮೇಲೊಂದು ಕಾರಿನ ಬ್ಯಾಟರಿ. ಎಲ್ಲ ಸೇರಿ ಸೊಲ್ಲಾಪುರದಲ್ಲಿ ಸಾವಿರದ ನಾಲ್ಕುನೂರು ರೂಪಾಯಿ ಬಿತ್ತು. ಅಂಗಡಿಯವನು ಹದಿನೆಂಟುನೂರು ಹೇಳಿದ್ದ. ಒಂದು ಹಾರ್ನಿನ ಬಾಯಿ ನೆಗ್ಗಿತ್ತು. ಆ ನೆಗ್ಗನ್ನೇ ಹಿಡಿದುಕೊಂಡು ಮಧ್ಯಾಹ್ನದ ತನಕ ಕುಳಿತು ನಾಲ್ಕುನೂರು ಇಳಿಸಿದೆ. ನೆಗ್ಗಿದ ಹಾರ್ನಿಗೂ ದನಿ ಅಷ್ಟೇ ಬರುತ್ತದೆಂದು ನನಗೆ ಗೊತ್ತಿತ್ತು, ಅವನಿಗೆ ಹೇಳಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅದು ಸಣ್ಣ ದುಡ್ಡಲ್ಲ. ಆದರೆ ಇಂಡಿಯಿಂದ ಮುದ್ದೇಬಿಹಾಳದ ತನಕ ಮದುವೆ ಇಲ್ಲದ ಊರಿಲ್ಲ. ಶಾಲೆಗಳಲ್ಲೂ ವರ್ಷಕ್ಕೊಮ್ಮೆ ಗ್ಯಾದರಿಂಗು ಮಾಡಿ ಮಕ್ಕಳನ್ನು ಕುಣಿಸುವ ರೂಢಿ ಆಗಷ್ಟೇ ಹಬ್ಬುತ್ತಿತ್ತು. ಲೆಕ್ಕ ಹಾಕಿಯೇ ಕೈ ಹಾಕಿದ್ದೆ.

ಸೆಟ್ಟು ನನ್ನದು. ಅದನ್ನು ಎಲ್ಲಿ ಇಡಬೇಕು ಎಂಬುದನ್ನು ಕಲಿಸಿದವರು ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ, ಒಬ್ಬ ಅಕ್ಕೋರು.

ಎತ್ತರದ ಹೆಂಗಸು. ನಮ್ಮ ಕಡೆ ಬಾಗಿಲು ಗಿಡ್ಡ, ಅವರು ತಲೆ ತಗ್ಗಿಸಿಯೇ ಒಳಗೆ ಬರಬೇಕು. ಅಂಥವರು ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವೇದಿಕೆಯ ಮೇಲೆ ಎಲ್ಲರಿಗಿಂತ ಸಣ್ಣ ಹುಡುಗಿ ನಿಲ್ಲುವ ಜಾಗಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂರುವರು. ತಮ್ಮ ಕಿವಿ ಆ ಹುಡುಗಿಯ ಕಿವಿಯ ಮಟ್ಟಕ್ಕೆ ಬರಬೇಕು, ಅದಕ್ಕೆ. ಕಣ್ಣು ಮುಚ್ಚಿ ಅರ್ಧ ಹಾಡು ಕೇಳಿ, ಎದ್ದು, ಮೊಣಕಾಲು ಒರೆಸಿಕೊಂಡು, “ಇಲ್ಲಿ ಬರವಲ್ದು. ಇನ್ನೊಂದೀಟು ಈ ಕಡೆ ಹೊಳ್ಳಸು” ಎನ್ನುವರು.

ಅವರ ಶಾಲೆ ಇದ್ದದ್ದು ಬಾಗೇವಾಡಿ ತಾಲೂಕಿನಲ್ಲಿ, ಮನಗೂಳಿಯ ಆಚೆ ಒಂದು ಹಳ್ಳಿಯಲ್ಲಿ. ಅಲ್ಲಿಯ ಗೌಡರು ಶಾಲೆಯ ಕಮಿಟಿಗೆ ದೊಡ್ಡವರು, ನನ್ನ ಬಾಡಿಗೆ ಕೊಡುವವರೂ ಅವರೇ. ಗ್ಯಾದರಿಂಗಿನ ಸಲುವಾಗಿ ಅವರ ಹತ್ತಿರ ಮಾತಾಡಲಿಕ್ಕೆ ಹೋದ ದಿನ ಅಕ್ಕೋರೂ ಅಲ್ಲಿದ್ದರು. ನಾನು ಬಾಡಿಗೆ ಹೇಳಿ, ಚೌಕಾಸಿ ಶುರುವಾಗುತ್ತದೆಂದು ಸರಿಯಾಗಿ ಕುಳಿತೆ. ಅಕ್ಕೋರು ರೊಕ್ಕದ ಸುದ್ದಿಗೇ ಬರಲಿಲ್ಲ.

“ಬಾಡಿಗಿ ಕಡಿಮಿ ಮಾಡ್ಬ್ಯಾಡ ತಮ್ಮಾ. ಒಂದು ದಿನ ಮೊದ್ಲ ಬಾ. ತಾಲೀಮು ನಿನ್ನ ಸೆಟ್ಟಿನ ಮ್ಯಾಲ ಆಗಬೇಕು.”

“ಬರ್ತೇನ್ರಿ ಅಕ್ಕೋರ.”

“ಸುಮ್ನ ಬರ್ತೇನಿ ಅನಬ್ಯಾಡ. ಹನ್ನೆರಡು ಹುಡುಗ್ಯಾರು ಕೋಲಾಟ ಆಡಾವ್ರು ಅದಾರ. ಹನ್ನೆರಡೂ ಮನಿಗೆ ನಾ ಹೋಗಿ ಕೇಳ್ಕೊಂಡು ಬಂದೇನಿ. ಒಬ್ಬಾಕಿ ಅಪ್ಪ ಏನಂದಾನ ಗೊತ್ತೈತೇನು? ‘ನನ್ನ ಮಗಳ್ನ ನೋಡಿ ಮಂದಿ ನಕ್ರ, ಮರುದಿನದಿಂದ ಸಾಲಿ ಬಂದ್’ ಅಂದಾನ. ಆ ಹುಡುಗಿ ಲೆಕ್ಕದಾಗ ನನಗಿಂತ ಮುಂದ ಅದಾಳ.”

ನಾನು ಗೋಣು ಹಾಕಿದೆ. ಆದರೆ ಅದೇ ತಾಲೀಮಿನ ದಿನಕ್ಕೆ ಸಿಂದಗಿ ಕಡೆ ಒಂದು ಮದುವೆ ಗಿರಾಕಿ ಬಂತು, ಅಲ್ಲಿಗೆ ಹೋದೆ. ತಾಲೀಮಿಗೆ ಹೋಗಿದ್ದರೆ ಊಟ ಬಿಟ್ಟು ಏನೂ ಸಿಗುತ್ತಿರಲಿಲ್ಲ ಎಂದು ನನ್ನ ಲೆಕ್ಕ.

ಗ್ಯಾದರಿಂಗಿನ ದಿನ ಬೆಳಗಿನ ಬಸ್ಸಿನ ಟಾಪಿನ ಮೇಲೆ ಹಾರ್ನು ಕಟ್ಟಿಕೊಂಡು ಬಂದಿಳಿದೆ. ಗೌಡರು ಹೊರಗೇ ನಿಂತಿದ್ದರು. “ಮ್ಯಾಲ ಕಟ್ಟೋ, ಸಾಲಿ ಮಾಳಗೀ ಮ್ಯಾಲ. ಆಚೀ ಊರಿಗೂ ಕೇಳಬೇಕು, ನಮ್ಮೂರಾಗ ಏನೋ ನಡದೈತಿ ಅಂತ” ಎಂದರು. ರೊಕ್ಕ ಕೊಡುವವರು ಹೇಳಿದ ಮೇಲೆ ಮುಗಿಯಿತು. ಎರಡೂ ಹಾರ್ನನ್ನು ಮಾಳಿಗೆಯ ಅಂಚಿಗೆ ಊರ ಕಡೆ ಮುಖ ಮಾಡಿ ಬಿಗಿದೆ. ಆ ಕಾಲಕ್ಕೆ ನಮ್ಮ ಧಂದೆಯ ಮರ್ಯಾದೆ ಅಷ್ಟೇ: ಎಷ್ಟು ದೂರ ಕೇಳಿಸುತ್ತದೆ.

ಅಕ್ಕೋರು ಬಂದು ಮೇಲೆ ನೋಡಿದರು. “ನಿನ್ನಿ ಬರಲಿಲ್ಲ ನೀನು” ಎಂದರು. “ಮಕ್ಕಳಿಗೆ ಕೇಳಸ್ತದೇನು ಇದು?”

“ಎಲ್ಲಾ ಊರಿಗೇ ಕೇಳಸ್ತದಂದ್ರ ಮಕ್ಕಳಿಗೆ ಕೇಳಸಂಗಿಲ್ಲೇನ್ರಿ ಅಕ್ಕೋರ” ಎಂದು ನಕ್ಕೆ. ಅವರು ನಗಲಿಲ್ಲ.

ಹುಡುಗಿಯರು ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕೆಂದು ಕಾರ್ಯಕ್ರಮ ಮೂರು ಗಂಟೆಗೇ ಇತ್ತು. ಭಾಷಣಗಳು ಮುಗಿದವು. ಹನ್ನೆರಡು ಹುಡುಗಿಯರು ಎರಡು ಸಾಲಾಗಿ ಎದುರುಬದುರು ನಿಂತರು. ನಾನು ಪ್ಲೇಟು ಹಚ್ಚಿದೆ.

ಶಾಲೆಯ ಎದುರು ಒಂದು ಗೋದಾಮಿನ ಕಲ್ಲುಗೋಡೆ ಇತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಾಡು ಮಾಳಿಗೆಯಿಂದ ಹೋಗಿ ಆ ಗೋಡೆಗೆ ಬಡಿದು ತಡವಾಗಿ ಮರಳುತ್ತಿತ್ತು. ಹಿಂದಿನ ಸಾಲು ನೆತ್ತಿಯ ಮೇಲಿನ ಹಾಡಿಗೆ ಕೋಲು ಎತ್ತಿದರೆ, ಮುಂದಿನ ಸಾಲು ಗೋಡೆಯ ಹಾಡಿಗೆ ಎತ್ತುತ್ತಿತ್ತು. ಹುಡುಗಿಯರು ಕಲಿತದ್ದು ಅಕ್ಕೋರ ಚಪ್ಪಾಳೆಗೆ. ಇಲ್ಲಿ ಒಂದು ಹಾಡು ಎರಡಾಗಿ ಬರುತ್ತಿದೆ. ಒಬ್ಬಳ ಕೋಲು ಗಾಳಿಯಲ್ಲಿ ಹೋಯಿತು. ಇನ್ನೊಬ್ಬಳ ಕೋಲು ಗೆಳತಿಯ ಬೆರಳಿಗೆ ಬಿತ್ತು. ಪೆಟ್ಟು ತಿಂದವಳು ಕೈ ಜಾಡಿಸಿ ಅಲ್ಲೇ ನಿಂತಳು, ಹಿಂದಿನವಳು ಬಂದು ಅವಳಿಗೆ ಹಾಯ್ದಳು. ಮಂದಿ ನಕ್ಕಿತು.

ನಡುವಿನ ಸಾಲಿನಲ್ಲಿ ಒಬ್ಬ ಗಂಡಸು ಎದ್ದು ನಿಂತ. ಅವನೇ ಆ ಅಪ್ಪ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. “ಬಾರಬೇ ಇಲ್ಲೆ” ಎಂದು ಮಗಳನ್ನು ಕರೆದ. ಬೆರಳಿಗೆ ಪೆಟ್ಟು ಬಿದ್ದದ್ದು ಅವಳಿಗೇ.

ಅಕ್ಕೋರು ವೇದಿಕೆಗೆ ಬಂದರು. ನನ್ನ ಕಡೆ ಕೈ ಮಾಡಿದರು, ಪ್ಲೇಟು ನಿಲ್ಲಿಸಿದೆ. ಈಗ ನನ್ನ ಹೆಸರು ಹೇಳುತ್ತಾರೆ, ನಿನ್ನೆ ಬಂದಿಲ್ಲವೆಂದು ಹೇಳುತ್ತಾರೆ ಎಂದು ಕಾದೆ. ಉತ್ತರವನ್ನೂ ಹೊಂದಿಸಿಕೊಂಡಿದ್ದೆ.

“ಒಂದೀಟು ಕುಂದರ್ರಿ ಅಣ್ಣಾರ. ಹುಡುಗ್ಯಾರ ತಪ್ಪಲ್ಲ ಇದು, ನಂದು. ಸೆಟ್ಟಿನ ಮ್ಯಾಲ ಒಮ್ಮಿನೂ ತಾಲೀಮು ಮಾಡ್ಸಿಲ್ಲ ನಾನು. ಇನ್ನೊಂದ ಸರ್ತಿ ಆಡ್ತಾರ. ಅದನ್ನೂ ನೋಡ್ರಿ, ಆಮ್ಯಾಲ ಕರ್ಕೊಂಡು ಹೋಗ್ರಿ, ಬ್ಯಾಡ ಅನ್ನಂಗಿಲ್ಲ.”

ಅವನು ಕೂರಲಿಲ್ಲ, ಹೋಗಲೂ ಇಲ್ಲ.

ನಾನು ಏಣಿ ಹಾಕಿ ಮಾಳಿಗೆ ಹತ್ತಿದೆ. ಗೌಡರು ಕೆಳಗಿನಿಂದ, “ಏ ಮೈಕಿನಾಂವಾ, ಯಾರು ಹೇಳಿದ್ರೋ ನಿನಗ ಬಿಚ್ಚಾಕ? ಮುಂದಿನ ವಾರ ನಮ್ಮನಿ ಲಗ್ನಕ್ಕ ಬ್ಯಾರೇದಾಂವನ್ನ ಕರಸ್ತೇನಿ ನೋಡು” ಎಂದರು. ಅವರ ಮನೆಯ ಲಗ್ನ ಅಂದರೆ ಐದು ದಿನದ ಬಾಡಿಗೆ. “ಕರಸ್ರಿ ಗೌಡ್ರ” ಎಂದೆ. ಅಂಥ ಮಾತು ನನ್ನ ಬಾಯಿಂದ ಅದಕ್ಕೂ ಮೊದಲು ಬಂದದ್ದಿಲ್ಲ.

ಒಂದು ಹಾರ್ನಿನ ತಂತಿ ಕಿತ್ತೆ. ಇನ್ನೊಂದನ್ನು ಇಳಿಸಿ ವೇದಿಕೆಯ ಮಗ್ಗುಲಿಗೆ ಸ್ಟೂಲಿನ ಮೇಲಿಟ್ಟು ಹುಡುಗಿಯರ ಕಡೆ ತಿರುಗಿಸಿದೆ. ಅಕ್ಕೋರು ಅಷ್ಟು ಮಂದಿಯ ಎದುರಿಗೇ ಪೆಟ್ಟು ತಿಂದ ಆ ಹುಡುಗಿಯ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. “ಸಣ್ಣ ಮಾಡು. ಇನ್ನೂ ಸಣ್ಣ” ಎಂದರು. ದನಿ ಎಷ್ಟು ಇಳಿಯಿತೆಂದರೆ ಹಿಂದೆ ಕುಳಿತವರು, “ಸುಮ್ನಿರ್ರೋ, ಕೇಳವಲ್ದು” ಎಂದು ಒಬ್ಬರನ್ನೊಬ್ಬರು ಬೈಯತೊಡಗಿದರು. ಹಾಗೆ ಬೈದು ಬೈದು ಇಡೀ ಬಯಲು ಸುಮ್ಮನಾಯಿತು.

ಇಪ್ಪತ್ತನಾಲ್ಕು ಕೋಲು ಒಂದೇ ಸಲಕ್ಕೆ ಬಿದ್ದವು. ಹಾಡಿಗಿಂತ ಕೋಲಿನ ಸಪ್ಪಳವೇ ದೊಡ್ಡದಾಗಿತ್ತು. ಆ ಹುಡುಗಿ ಬಾತ ಬೆರಳು ಬಿಟ್ಟು ಉಳಿದ ಬೆರಳಲ್ಲಿ ಕೋಲು ಹಿಡಿದಿದ್ದಳು. ಒಂದು ಪೆಟ್ಟೂ ತಪ್ಪಲಿಲ್ಲ.

ಮುಗಿದ ಮೇಲೆ ಅವಳ ಅಪ್ಪ ನನ್ನ ಪೆಟ್ಟಿಗೆಯ ಹತ್ತಿರ ಬಂದು ನಿಂತ. “ಅದ ಹಾಡು ಇನ್ನೊಮ್ಮಿ ಹಚ್ಚತೀಯೇನು?” ಎಂದ. ಹಚ್ಚಿದೆ. ಅವಳು ಶಾಲೆ ಬಿಡಲಿಲ್ಲ.

ಗೌಡರು ಲಗ್ನಕ್ಕೆ ಬೇರೆಯವನನ್ನೇ ಕರೆಸಿದರು, ಹೇಳಿದಂತೆ ಮಾಡುವ ಮನುಷ್ಯ. ಆದರೆ ಮರುವರ್ಷ ಗ್ಯಾದರಿಂಗಿಗೆ, “ಆ ಹಾರ್ನು ಕೆಳಗ ಇಡಾಂವಗ ಬಾ ಅನ್ರಿ” ಎಂದು ಹೇಳಿಕಳಿಸಿದರು. ಆಮೇಲೆ ಮುದ್ದೇಬಿಹಾಳ, ಸಿಂದಗಿ, ಇಂಡಿ, ಎಲ್ಲ ಕಡೆಯ ಶಾಲೆಗಳಿಂದ ಕರೆ ಬಂತು. ನಾನು ಮನೆ ಕಟ್ಟಿದ್ದು ಮದುವೆಯ ರೊಕ್ಕದಲ್ಲಲ್ಲ, ಶಾಲೆಯ ಕುಣಿತದ ರೊಕ್ಕದಲ್ಲಿ.

ನಾಲ್ಕಾರು ವರ್ಷಗಳ ನಂತರ, ತಾಲೀಮಿನ ದಿನ ಅವರ ಮನೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಕೇಳಿಯೇಬಿಟ್ಟೆ. “ಅಕ್ಕೋರ, ಅವತ್ತಿನ ತಪ್ಪು ನಂದಿತ್ತು. ನಿಮ್ದಂತ ಯಾಕ ಹೇಳಿದ್ರಿ?”

“ನಿಂದಂದ್ರ ನೀ ಜಗಳಾ ತಗೀತಿದ್ದಿ” ಎಂದರು. “ಜಗಳಕ್ಕ ಹೊತ್ತಿರಲಿಲ್ಲ. ಹುಡುಗ್ಯಾರು ಕಾಯಾಕತ್ತಿದ್ರು. ಇನ್ನೊಂದು ರೊಟ್ಟಿ ಹಾಕ್ಲೇನು?”

ಅಕ್ಕೋರು ನಿವೃತ್ತರಾಗಿ ಮುದ್ದೇಬಿಹಾಳಕ್ಕೆ ಹೋದರು, ಅಲ್ಲಿಯೇ ತೀರಿಕೊಂಡರು. ಸುದ್ದಿ ಬಂದಾಗ ನಾನು ಸಿಂದಗಿಯ ಹತ್ತಿರ ಒಂದು ಶಾಲೆಯಲ್ಲಿದ್ದೆ. ಹೋದರೆ ತಾಲೀಮು ತಪ್ಪುತ್ತಿತ್ತು. ಹೋಗಲಿಲ್ಲ. ಅವರಿದ್ದಿದ್ದರೂ ಹೋಗಗೊಡುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಇನ್ನೂ ಪೂರ್ತಿ ಆಗಿಲ್ಲ.

ನೀವು ಈ ಧಂದೆಯವರಾಗಿದ್ದರೆ ಅಥವಾ ನಿಮ್ಮ ಮಕ್ಕಳ ಶಾಲೆಗೆ ಸೆಟ್ಟು ಗೊತ್ತು ಮಾಡುವವರಾಗಿದ್ದರೆ, ಇಷ್ಟು ನೆನಪಿಡಿ. ಬಾಡಿಗೆಯಲ್ಲಿ ಹಗ್ಗಜಗ್ಗಾಟ ಮಾಡಬೇಡಿ, ಅದರ ಬದಲು ತಾಲೀಮಿಗೆ ಒಂದು ದಿನ ಹೆಚ್ಚು ಕೇಳಿ. ಎದುರಿಗೆ ಗೋಡೆ ಇದೆಯೋ ನೋಡಿಕೊಳ್ಳಿ. ದೊಡ್ಡವರು ಬಂದು ಊರಿಗೆಲ್ಲ ಕೇಳಿಸಬೇಕೆಂದರೆ, ಆಗಲಿ ಎಂದು ಭಾಷಣದ ತನಕ ಹಾಗೇ ಬಿಡಿ. ಭಾಷಣ ಮಾಡುವವರಿಗೆ ಹಾರ್ನು ಯಾವ ಕಡೆ ಮುಖ ಮಾಡಿದರೂ ನಡೆಯುತ್ತದೆ. ಮಕ್ಕಳು ವೇದಿಕೆ ಹತ್ತುವ ಮೊದಲು ಮಾತ್ರ, ಯಾರನ್ನೂ ಕೇಳದೆ, ಎದ್ದು ಹೋಗಿ ಅವರ ಕಡೆ ತಿರುಗಿಸಿಬಿಡಿ.