ದೊಡ್ಡಮನೆ ತೊಟ್ಟಿಲಿಗೆ ಅರಗು

ಮರದಿಂದ ಬಿದ್ದವನು ಮುತ್ತಯ್ಯ, ಎದ್ದು ನಿಂತವಳು ಅವನ ಹೆಂಡತಿ ಚಿಕ್ಕನಿಂಗಮ್ಮ. ಹನೂರಿನಲ್ಲಿ ಈ ಮಾತು ಹೇಳಿ ಈಗಲೂ ನಗುತ್ತಾರೆ. ನಗಲಿ ಬಿಡಿ, ನಡೆದದ್ದೇ ಹಾಗೆ.

ಅರವತ್ತೊಂದನೇ ಇಸವಿ. ಮುತ್ತಯ್ಯ ಸಿದ್ದಾಚಾರಿಯ ಮರಗೆಲಸದ ಕೊಟ್ಟಿಗೆಯಲ್ಲಿ ಪಾಲಿಶ್ ಹೊಡೆಯುವವನು. ಹುಣಸೆಕಾಯಿ ಆಸೆಗೆ ಮರ ಹತ್ತಿ ಬಲಗೈ ಮುರಿದುಕೊಂಡ. ಸರಿಯಾಗಿ ಅದೇ ಹೊತ್ತಿಗೆ ದೊಡ್ಡಮನೆ ಚನ್ನಾಜಮ್ಮನವರ ಮೊಮ್ಮಗನಿಗೆ ಹೆಸರಿಡುವ ಶಾಸ್ತ್ರ ಬಂತು. ಹೊಸ ತೇಗದ ತೊಟ್ಟಿಲು ಪಾಲಿಶ್ಶಿಗೆ ಕಾದು ಕೂತಿತ್ತು.

"ನಾನ್ ಒಡಿತೀನಿ ಆಚಾರ್ರೇ," ಅಂದಳು ಚಿಕ್ಕನಿಂಗಮ್ಮ. ಗಂಡನಿಗೆ ಬುತ್ತಿ ತರುತ್ತಾ, ಪಕ್ಕದಲ್ಲೇ ಕೂತು ಉಪ್ಪುಕಾಗದದಲ್ಲಿ ಮರ ಉಜ್ಜುತ್ತಾ, ವರ್ಷಗಟ್ಟಲೆ ಕಣ್ಣಲ್ಲೇ ಕಲಿತ ಕೆಲಸ ಅದು.

ಆಚಾರಿ ತಲೆ ಕೆರೆದುಕೊಂಡ. "ಅಂಟಂಟಾದ್ರೆ ನನ್ ಮಾನ ಓಯ್ತದೆ ಕಣವ್ವ. ಆಮೇಲೆ ನಿಮ್ಮಿಬ್ರಿಗೂ ಇಲ್ಲಿ ಕೆಲ್ಸ ಇಲ್ಲ. ಚೆಂದಾಗಿ ಬಂದ್ರೆ ಮುತ್ತಯ್ಯನೇ ಒಡ್ದ ಅಂತ ಏಳ್ಮ. ಎಂಗಸ್ರ ಪಾಲಿಶ್ಶು ಅಂದ್ರೆ ಯಾರೂ ತಕಳಲ್ಲ."

ಗೆದ್ದರೆ ಹೆಸರು ಗಂಡನಿಗೆ, ಸೋತರೆ ಬೈಗುಳ ಇವಳಿಗೆ! ಎಂಥಾ ನ್ಯಾಯ ನೋಡಿ. ಆದರೂ ಅವಳಿಗೆ ಖುಷಿಯೋ ಖುಷಿ, ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಶಾಸ್ತ್ರದ ಹಿಂದಿನ ದಿನ ಬೆಳಗಿನ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೋಗಿ ಪಾಲಿಶ್ಶಿಗೆ ಬೇಕಾದ ಅರಗಿನ ಚೂರನ್ನೂ ಅದನ್ನು ಕರಗಿಸುವ ಸ್ಪಿರಿಟ್ಟನ್ನೂ ತಂದಳು. ಅಂಗಡಿಯವರಿಗೆ ಆಚಾರಿಯ ಗುರುತಿತ್ತು, ಕೊಟ್ಟರು. ಹನೂರಿನಲ್ಲಿ ಇಳಿದಳೋ ಇಲ್ಲವೋ, ಕಾನ್‌ಸ್ಟೇಬಲ್ ಮಹದೇವು ಅಡ್ಡ ನಿಂತ. ಆಗ ಕುಡಿತಕ್ಕೆ ಸರ್ಕಾರದ ತಡೆ. ಸ್ಪಿರಿಟ್ಟು ಇಟ್ಟುಕೊಳ್ಳಲೂ ಪರ್ಮಿಟ್ಟು ಬೇಕು. ಪರ್ಮಿಟ್ಟು ಆಚಾರಿಯ ಜೇಬಲ್ಲಿ, ಆಚಾರಿ ಮರ ನೋಡಲು ರಾಮಾಪುರದಲ್ಲಿ.

"ಏನವ್ವ ಅದು, ಸಾರಾಯ್ವಾ?"

"ತೊಟ್ಲಿಗೆ ಕಣ್ ಸಾ."

"ತೊಟ್ಲಿಗಾ? ಮಗೀಗೆ ಈಗ್ಲೇ ಸುರುವಾ?"

ಬಸ್ಸಿಗೆ ಕಾದಿದ್ದವರೆಲ್ಲ ಗೊಳ್ಳೆಂದರು. ಚಿಕ್ಕನಿಂಗಮ್ಮ ಬಾಟ್ಲಿಯನ್ನು ಸೆರಗಿನೊಳಗೆ ಅವುಚಿಕೊಂಡಳು. ಬಾಟ್ಲಿ ಸ್ಟೇಷನ್ನು ಸೇರಿದರೆ ಆಚಾರಿ ಬರುವುದು ಸಂಜೆಗೆ. ಬಿಸಿಲು ಹೋದ ಮೇಲೆ ಅರಗು ಕರಗಿಸಿದ ಹಾಗೇ!

"ಬಾಟ್ಲಿ ನೀವೇ ಇಡ್ಕಂಡು ಬನ್ನಿ ಸಾ. ನಿಮ್ ಕಣ್ಣೆದುರ್ಗೇ ಕಲಸ್ತೀನಿ. ಮರ ಮಿಂಚ್ನಿಲ್ಲ ಅಂದ್ರೆ ನನ್ನೂ ಬಾಟ್ಲಿನೂ ಒಟ್ಗೇ ಎಳ್ಕಂಡೋಗಿ."

ಮಹದೇವುಗೂ ಕುತೂಹಲ. ಬಾಟ್ಲಿ ಹಿಡಿದು ಹಿಂದೆ ಹೊರಟ.

ಕೊಟ್ಟಿಗೆಗೆ ಬಂದವಳೇ ಅರಗನ್ನು ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಲ್ಲಿ ಜಜ್ಜಿ ಪುಡಿ ಮಾಡಿದಳು. ಅಲ್ಲಿಯವರೆಗೆ ಸರಿ. ಆಮೇಲೆ ಅವಸರ ನೋಡಿ, ಅಷ್ಟೂ ಪುಡಿಯನ್ನು ಒಂದೇ ಸಲಕ್ಕೆ ಬಾಟ್ಲಿಗೆ ಸುರಿದುಬಿಟ್ಟಳು! ಪುಡಿ ತಳಕ್ಕೆ ಕೂತು ಗಟ್ಟಿ ಗಂಟಾಯಿತು.

"ಅಯ್ಯೋ, ಕೆಡಿಸ್ಬುಟ್ಟಲ್ಲೇ!" ಅಂದ, ಕೈಗೆ ದಬ್ಬೆ ಕಟ್ಟಿಸಿಕೊಂಡು ಜಗಲಿಯಲ್ಲಿ ಕೂತಿದ್ದ ಮುತ್ತಯ್ಯ.

"ನೀ ಸುಮ್ಕೆ ಕೂತ್ಕೊ. ದಿನಾ ಮುದ್ದೆ ತಿರುವೋಳ್ಗೆ ಗಂಟು ಒಡೆಯಾದು ಏಳ್ಕೊಡ್ತೀಯಾ?"

ಬಿದಿರು ಕಡ್ಡಿ ಸೀಳಿ ಬಾಟ್ಲಿಯೊಳಗೆ ಬಿಟ್ಟು ಗಂಟನ್ನು ಚುಚ್ಚಿ ಚುಚ್ಚಿ ಒಡೆದಳು. ಬಿರಡೆ ಹಾಕಿ ಬಿಸಿಲಲ್ಲಿ ನಿಂತು ಕುಲುಕಿದಳು, ಕುಲುಕಿದಳು, ಭುಜ ಸೋತುಹೋಯಿತು. "ಕೊಡವ್ವ ಇತ್ತಗೆ," ಅಂತ ಮಹದೇವು ಟೋಪಿ ತೆಗೆದಿಟ್ಟು ಬಾಟ್ಲಿ ಕಿತ್ತುಕೊಂಡ. ದೇವರಗುಡ್ಡರು ಕಂಸಾಳೆ ಬಾರಿಸುವ ಹಾಗೆ ತಲೆಯ ಮೇಲೊಂದು ಸಲ, ಮೊಣಕಾಲಿನ ಕೆಳಗೊಂದು ಸಲ, ಆ ಮನುಷ್ಯ ಕುಣಿದದ್ದೇ ಕುಣಿದದ್ದು! ಹೊತ್ತು ವಾಲುವಷ್ಟರಲ್ಲಿ ಗಂಟೆಲ್ಲ ಕರಗಿ ಬಾಟ್ಲಿಯ ತುಂಬ ಜೇನಿನ ಬಣ್ಣ.

"ಆಯ್ತು! ಆಯ್ತು ಕಣ್ ಸಾ!" ಚಿಕ್ಕನಿಂಗಮ್ಮ ಕೂಗಿದ ಕೂಗಿಗೆ ಬೀದಿ ನಾಯಿಗಳು ಎದ್ದವು.

"ನಂದೇ ಕೈಗುಣ," ಅಂದ ಮಹದೇವು. ಆಮೇಲೆ ಸ್ವಲ್ಪ ನಾಚಿಕೊಂಡು, "ಒಸಿ ನನ್ ಲಾಠಿಗೂ ಬಳಿದ್ನೋಡು."

ಲಾಠಿಯೇ ಮೊದಲು ಮಿಂಚಿದ್ದು. ಮಹದೇವು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, ಬಾಟ್ಲಿ ಅಲ್ಲೇ ಬಿಟ್ಟು ಹೋದ. ಅವಳು ಅರಗನ್ನು ತೆಳುಬಟ್ಟೆಯಲ್ಲಿ ಸೋಸಿ, ಹತ್ತಿ ಉಂಡೆಯಲ್ಲಿ ಅದ್ದಿ, ತೆಳ್ಳಗೆ ಒಂದು ಕೈ, ಅದು ಒಣಗಿದ ಮೇಲೆ ಇನ್ನೊಂದು ಕೈ ಎಂದು ದೀಪ ಹಚ್ಚುವ ಹೊತ್ತಿನವರೆಗೂ ತೊಟ್ಟಿಲನ್ನು ನೀವಿದಳು.

ಮಾರನೆಯ ದಿನ ದೊಡ್ಡಮನೆಯ ಬಾಗಿಲ ಹೊರಗೆ ಆಚಾರಿ, ಗಂಡನ ಜೊತೆ ನಿಂತಳು. ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುವುದು ಶಾಸ್ತ್ರ. ಚನ್ನಾಜಮ್ಮನವರು ಕಲ್ಲಿಗೆ ರೇಷ್ಮೆವಸ್ತ್ರ ಸುತ್ತಿ, ಹಾಸಿಗೆಯಿಲ್ಲದ ಬರೀ ತೊಟ್ಟಿಲಲ್ಲಿ ಇಟ್ಟರು. ಚಿಕ್ಕನಿಂಗಮ್ಮ ಬಾಗಿಲಿಂದಲೇ ಕತ್ತು ಚಾಚಿದಳು. ಅಷ್ಟು ಭಾರದ ಕಲ್ಲು, ಈ ಸೆಕೆ! ಒಳಗೆ ಒಂಚೂರು ಹಸಿ ಉಳಿದಿದ್ದರೂ ರೇಷ್ಮೆ ಕಚ್ಚಿಕೊಳ್ಳುತ್ತದೆ. ಹೆಂಗಸರೋ, ಜೋಗುಳ ಹಾಡುತ್ತಾರೆ, ಹಾಡುತ್ತಾರೆ, ಹಾಡುತ್ತಲೇ ಇದ್ದಾರೆ. ಈ ಹಾಳು ಹಾಡಿಗೆ ಕೊನೆಯೇ ಇಲ್ಲವಾ!

ಕೊನೆಗೂ ಕಲ್ಲನ್ನು ಎತ್ತಿದರು. ರೇಷ್ಮೆ ಇಟ್ಟ ಹಾಗೇ ಮೇಲೆ ಬಂತು, ಒಂದೆಳೆ ಕಚ್ಚಿರಲಿಲ್ಲ. ಅವಳಿಗೆ ಕಣ್ಣೀರು ಬಂದುಬಿಟ್ಟಿತು.

ಚನ್ನಾಜಮ್ಮನವರು ಅಂಗೈಯಲ್ಲಿ ತೊಟ್ಟಿಲು ಸವರಿದರು. "ಏನ್ ನುಣುಪು! ಯಾರ್ ಕೈದು ಆಚಾರಿ, ಈ ಪಾಲಿಶ್ಶು?"

"ನಮ್ ಮುತ್ತಯ್ಯಂದು ತಾಯಿ," ಅಂದ ಆಚಾರಿ.

ಮುತ್ತಯ್ಯ ದಬ್ಬೆ ಕಟ್ಟಿದ ಕೈಯನ್ನು ಎತ್ತಿ ತೋರಿಸಿದ. "ಈ ಕೈಲಾ ತಾಯಿ? ಇದ್ರಲ್ಲಿ ಮೂಗೇ ಒರಸ್ಕಳಕಾಯ್ತಿಲ್ಲ. ನನ್ನೆಂಡ್ರು ಕಣ್ ತಾಯಿ, ಇವ್ಳೇ ಒಡ್ದಿದ್ದು."

"ಒಳಕ್ ಬಾ ಮಗಾ," ಅಂದರು ಚನ್ನಾಜಮ್ಮನವರು. "ನಮ್ ಸೊಸೆ ಮಂಚನೂ ನೀನೇ ಒಡ್ದುಕೊಡ್ಬೇಕು."

ಆಮೇಲೆ ಹನೂರಿಂದ ಯಳಂದೂರಿನವರೆಗೆ ಅವಳ ಕೈಯಲ್ಲಿ ಎಷ್ಟು ಮಂಚ, ಎಷ್ಟು ಬೀರು ಮಿಂಚಿದವೋ! ಮುತ್ತಯ್ಯನ ಕೈ ಕೂಡಿಕೊಂಡಿತು, ಆದರೆ ಅವನು ಉಪ್ಪುಕಾಗದಕ್ಕೇ ನಿಂತ. ಯಾರಾದರೂ ನೀನ್ಯಾರಪ್ಪ ಅಂದರೆ ಎದೆ ಉಬ್ಬಿಸಿ, "ಪಾಲಿಶ್ ನಿಂಗಮ್ಮನ್ ಗಂಡ ಕಣ್ ಸಾ" ಅನ್ನುತ್ತಿದ್ದ.