ವಾರಕ್ಕೆ ಎಷ್ಟು ಸಲ ಸೊಂಟ ತೋರಿಸಬೇಕು

ಅಜ್ಜಂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಹದಿನೈದು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮೂರು ವರ್ಷದ ಹಿಂದೆ, ಮದುವೆ ಮನೆಯೊಂದರ ಹದಿನೆಂಟು ಬ್ಲೌಸುಗಳನ್ನು ಒಂದೇ ವಾರದಲ್ಲಿ ಮುಗಿಸಿ ಎದ್ದಾಗ ಸೊಂಟ ನನ್ನ ಜೊತೆ ಏಳಲಿಲ್ಲ. ಎರಡು ದಿನ ಗೋಡೆ ಹಿಡಿದು ಓಡಾಡಿದೆ. ಎಕ್ಸ್‌ರೇ ತೆಗೆಸಿದರೆ ಮೂಳೆಗೇನೂ ಆಗಿಲ್ಲ ಅಂದರು. ತರೀಕೆರೆಗೆ ಒಬ್ಬ ಕೈರೊಪ್ರ್ಯಾಕ್ಟರ್ ಬರುತ್ತಾರೆ, ಮಾತ್ರೆ ಇಲ್ಲದೆ ಕೈಯಲ್ಲೇ ಬೆನ್ನು ಸರಿಮಾಡುತ್ತಾರೆ ಎಂದು ಗಿರಾಕಿಯೊಬ್ಬರು ಹೇಳಿದರು. ಆ ಡಾಕ್ಟರು ಕಡೂರಿನವರು, ಮಂಗಳವಾರ, ಶುಕ್ರವಾರ ಮಾತ್ರ ತರೀಕೆರೆಯಲ್ಲಿ. ಕೈರೊಪ್ರ್ಯಾಕ್ಟರ್ ಅನ್ನುವುದು ನಮ್ಮ ಬೀದಿಯವರ ಬಾಯಲ್ಲಿ ಹೊರಳದೆ ಅವರು ‘ಲಟಕ್ ಡಾಕ್ಟ್ರು’ ಆಗಿದ್ದರು.

ಅತ್ತೆ ಜೊತೆಗೆ ಹೊರಟರು. “ನಿನ್ನೊಬ್ಳನ್ನೇ ಮಲಗ್ಸಿ ಕತ್ತು ತಿರುಗಿಸ್ಬಿಟ್ರೆ ಕೇಳೋರ್ಯಾರು? ನಾನೂ ಬತ್ತೀನಿ.”

ಡಾಕ್ಟರು ಮೆಲುದನಿಯ, ಚಿಕ್ಕ ವಯಸ್ಸಿನವರು. ಬೆನ್ನು ಒತ್ತಿ, ಕಾಲು ಮಡಿಸಿ, ಒಂದು ಸಲ ಲಟಕ್ ಅನ್ನಿಸಿದರು. ಬಾಗಿಲ ಬಳಿ ನಿಂತಿದ್ದ ಅತ್ತೆ ಕಣ್ಣು ಮುಚ್ಚಿಕೊಂಡರು. “ಮೂರು ವಾರ, ವಾರಕ್ಕೆರಡು ಸಲ ಬನ್ನಿ. ಆಮೇಲೆ ಕಡಿಮೆ ಮಾಡೋಣ” ಅಂದರು ಡಾಕ್ಟರು.

“ವಾರಕ್ಕೆರಡ್ ಸಲನಾ?” ಹೊರಗೆ ಬಂದ ಮೇಲೆ ಅತ್ತೆ ಶುರು ಮಾಡಿದರು. “ಆ ಬಸ್ಸಲ್ಲಿ ಹೋಗಿ ಬರೋದ್ರಲ್ಲೇ ಇರೋ ಸೊಂಟನೂ ಹೋಯ್ತದೆ. ಹದಿನೈದು ದಿನಕ್ಕೊಂದ್ಸಲ ಸಾಕು ಕಣೇ.” ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಬಸ್ಸಿನಲ್ಲಿ ನಮಗೆ ಸಿಕ್ಕಿದ್ದು ಕಡೆಯ ಸೀಟು. ರಸ್ತೆಯ ಪ್ರತಿ ಉಬ್ಬಿಗೂ ನಾವಿಬ್ಬರೂ ಎದ್ದು ಕೂತೆವು.

ಆದರೂ ಶುಕ್ರವಾರ ಹೋದೆವು. ಹೊರಗಿನ ಬೆಂಚಿನಲ್ಲಿ ಅತ್ತೆಯದೇ ವಯಸ್ಸಿನ ಹೆಂಗಸೊಬ್ಬರು ಕತ್ತಿಗೆ ಪಟ್ಟಿ ಹಾಕಿಕೊಂಡು ಕೂತಿದ್ದರು. ಅತ್ತೆ ಅವರನ್ನು ನೋಡಿ ಗಕ್ಕನೆ ನಿಂತರು. ಆಮೇಲೆ ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತರು.

ಆ ಹೆಂಗಸು ನನ್ನನ್ನು ಕೇಳಿದರು. “ಇವ್ಳು ನಿಮ್ಮತ್ತೇನಾ?”

“ಹೌದು.”

“ಗೊಣಗಾಟ ಈಗ್ಲೂ ಇದೆಯಾ?”

ಅತ್ತೆ ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರಕ್ಕೆ ಉತ್ತರ ಕೊಟ್ಟರು. “ಕೆಲವ್ರ ಕತ್ತು ಸ್ಕೂಲಲ್ಲೂ ಹಿಂಗೇ ಸೆಟೆದಿರ್ತಿತ್ತು.”

ವಾಪಸ್ಸು ಬರುವಾಗ ವಿಷಯ ಹೊರಬಿತ್ತು. ಇಬ್ಬರೂ ಅಜ್ಜಂಪುರದ ಶಾಲೆಯಲ್ಲಿ ಏಳು ವರ್ಷ ಅಕ್ಕಪಕ್ಕ ಕೂತು ಓದಿದವರು. ಆಕೆಯನ್ನು ಬುಕ್ಕಾಂಬುಧಿಗೆ ಕೊಟ್ಟಿದ್ದರು. ಅತ್ತೆಯ ಮದುವೆಗೆ ಯಾರೂ ಅಲ್ಲಿಗೆ ಹೋಗಿ ಕರೆಯದೆ, ಕಾರ್ಡನ್ನು ಪೋಸ್ಟಿನಲ್ಲಿ ಹಾಕಿದ್ದರಂತೆ. ಆಕೆ ಬರಲಿಲ್ಲ. ಬರಲಿಲ್ಲವಲ್ಲ ಎಂದು ಅತ್ತೆ ಮಾತು ಬಿಟ್ಟರು. ಬುಕ್ಕಾಂಬುಧಿ ನಮ್ಮೂರಿಗೆ ಅರ್ಧ ಗಂಟೆಯ ದಾರಿ. ನಲವತ್ತೈದು ವರ್ಷದಲ್ಲಿ ಒಬ್ಬರೂ ಆ ಬಸ್ಸು ಹತ್ತಿರಲಿಲ್ಲ.

ಮುಂದಿನ ಮಂಗಳವಾರ ನಾನಿನ್ನೂ ತಲೆ ಬಾಚುತ್ತಿದ್ದಾಗಲೇ ಅತ್ತೆ ಒಳ್ಳೆಯ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. ಆ ವಾರ ಬೆಂಚಿನ ಮೇಲೆ ಇಬ್ಬರ ನಡುವಿನ ಜಾಗ ಅರ್ಧಕ್ಕಿಳಿಯಿತು. ಮೂರನೇ ವಾರ ಆ ಜಾಗದಲ್ಲಿ ಕೋಡುಬಳೆಯ ಡಬ್ಬಿ ಕೂತಿತ್ತು. ಜಗಳ ಮಾತ್ರ ನಿಂತಿರಲಿಲ್ಲ. ಒಳಗೆ ಮಲಗಿದ್ದ ನನಗೆ ಕೇಳುತ್ತಿತ್ತು, ನನ್ನ ಬೆನ್ನೊತ್ತುತ್ತಿದ್ದ ಡಾಕ್ಟರಿಗೂ. ಅವರು ನಗು ತಡೆಯಲು ಒಮ್ಮೆ ಕೈ ತೆಗೆಯಬೇಕಾಯಿತು.

ಆ ಶುಕ್ರವಾರ ಡಾಕ್ಟರು, “ನೀವು ಚೆನ್ನಾಗಾಗಿದ್ದೀರಿ. ಇನ್ನು ಒಂದೂವರೆ ತಿಂಗಳು ಬಿಟ್ಟು ಬನ್ನಿ, ಸಾಕು” ಅಂದರು. ನನಗೆ ಹಾಯೆನಿಸಿತು. ಅತ್ತೆಯ ಮುಖ ಇಳಿದುಹೋಯಿತು.

“ಪೂರ್ತಿ ವಾಸಿಯಾಗಿಲ್ಲ ಡಾಕ್ಟ್ರೇ. ಇವ್ಳು ಹೆಂಗೆ ಬಗ್ತಾಳೆ ಅಂತ ದಿನಾ ನೋಡೋಳು ನಾನು. ವಾರಕ್ಕೆರಡೇ ಇರ್ಲಿ.”

“ಸುಮ್ನೆ ಯಾಕಮ್ಮ ಅವರಿಗೆ ತೊಂದರೆ?”

“ಹಂಗಾದ್ರೆ ನಂಗೇ ಮಾಡಿ. ನಂಗೂ ಸೊಂಟನೋವು.”

ಡಾಕ್ಟರು ಅವರನ್ನು ಮಲಗಿಸಿ ಪರೀಕ್ಷಿಸಿದರು. “ನಿಮ್ಮ ಬೆನ್ನು ನನ್ನ ಬೆನ್ನಿಗಿಂತ ಚೆನ್ನಾಗಿದೆ ಅಮ್ಮ.”

ಅವಮಾನವಾದವರಂತೆ ಅತ್ತೆ ಹೊರಗೆ ಬಂದರು. ಬೆಂಚಿನಲ್ಲಿ ಕೂತಿದ್ದ ಗೆಳತಿಯ ಕತ್ತಿನ ಪಟ್ಟಿಯನ್ನೂ ಡಾಕ್ಟರು ಅವತ್ತೇ ತೆಗೆಸಿದ್ದರು. “ನಂಗೂ ಬರೋದ್ ಬೇಡ ಅಂದ್ರು” ಎಂದರು ಆಕೆ. ಅತ್ತೆ ಕೋಡುಬಳೆಯ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದರು, ಆಕೆ ಬರಿಗತ್ತು ಸವರಿಕೊಂಡರು. ನಮ್ಮ ಮನೆಗೆ ಬಾ ಅನ್ನಲು ಇಬ್ಬರಿಗೂ ಆಗುತ್ತಿಲ್ಲ, ಕರೆದವರು ಸೋತಂತೆ ಎಂದುಕೊಂಡಿದ್ದಾರೆ ಅಂತ ನನಗೆ ಆಗ ಅರ್ಥವಾಯಿತು.

“ದೊಡ್ಡಮ್ಮ, ಮುಂದಿನ ಶುಕ್ರವಾರ ನಮ್ಮನೆಗೆ ಊಟಕ್ಕೆ ಬನ್ನಿ” ಅಂದೆ.

ಆಕೆ ಅತ್ತೆಯ ಕಡೆ ನೋಡದೆ ಹೇಳಿದರು. “ನೀನು ಕರೆದ್ರೆ ಬತ್ತೀನಿ ಕಣಮ್ಮ. ಬೇರೆಯವ್ರು ಕರೆದಿದ್ರೆ ಯೋಚ್ನೆ ಮಾಡ್ಬೇಕಿತ್ತು.”

“ನಾನೆಲ್ಲಿ ಕರೆದೆ?” ಎಂದರು ಅತ್ತೆ. ಗುರುವಾರವೇ ಹೋಳಿಗೆಗೆ ಬೇಳೆ ಆರಿಸಿಟ್ಟರು.

ಅಂದಿನಿಂದ ಶುಕ್ರವಾರ ನಮ್ಮ ಮನೆಯಲ್ಲಿ, ಮಂಗಳವಾರ ಬುಕ್ಕಾಂಬುಧಿಯಲ್ಲಿ. ಯಾರೂ ಗೊತ್ತುಮಾಡಿದ್ದಲ್ಲ, ಹಾಗೇ ನಡೆದುಬಂತು. ನಾನು ಒಂದೂವರೆ ತಿಂಗಳಿಗೊಮ್ಮೆ ಒಬ್ಬಳೇ ತರೀಕೆರೆಗೆ ಹೋಗುತ್ತೇನೆ, ಸಾಧ್ಯವಾದರೆ ಬಸ್ಸಿನ ಮುಂದಿನ ಸೀಟಿನಲ್ಲಿ. ಮೊದಲ ಸಲ ಹಾಗೆ ಹೋದಾಗ ಡಾಕ್ಟರು ಕೇಳಿದರು, “ಅಮ್ಮ ಬರಲಿಲ್ವಾ? ಸೊಂಟ ಹೇಗಿದೆಯಂತೆ?”

“ಎರಡು ದಿನ ಏನೂ ಇರಲ್ಲವಂತೆ ಸರ್. ಮಿಕ್ಕ ಐದು ದಿನ ಸ್ವಲ್ಪ ಹಿಡ್ಕೊಳ್ಳುತ್ತಂತೆ.”

ಅವರು ತಲೆಯಾಡಿಸಿ, ನನ್ನನ್ನು ಬೋರಲು ಮಲಗಲು ಹೇಳಿದರು.