ಎರಡು ಬೆರಳಗಲದ ಪಟ್ಟಿ

ಮೂವತ್ತನಾಲ್ಕು ವರ್ಷ ಚಿತ್ರಗಳಿಗೆ ಕಟ್ಟು ಹಾಕಿದವರು. ಬೀದಿಗೆಲ್ಲ ಫ್ರೇಮಣ್ಣ. ಚಿತ್ರವೆಂದರೆ ಅವರಿಗೆ ಉದ್ದ, ಅಗಲ, ಮುಂದೊಂದು ಗಾಜು, ಹಿಂದೊಂದು ರಟ್ಟು, ಎಂಟು ಮೊಳೆ. ಗಾಜಿನೊಳಗೆ ಏನಿದೆಯೆಂದು ನೋಡುವ ಪುರುಸೊತ್ತು ಇರಲಿಲ್ಲ. ಮಗಳು ಅಂಗಡಿ ವಹಿಸಿಕೊಂಡ ಮೇಲೆ, ಚಿತ್ರಶಾಲೆಯಲ್ಲಿ ಭಾನುವಾರ ಬೆಳಿಗ್ಗೆ ಕಲೆಯ ಇತಿಹಾಸ ಹೇಳಿಕೊಡುತ್ತಾರೆಂದು ತಿಳಿದು ಹೆಸರು ಕೊಟ್ಟು ಬಂದರು.

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಮಗೆ ಒಂದು ವರ್ಷ ಮುಂಚೇನೇ ಬಂತು," ಎಂದಳು ಹೆಂಡತಿ. ಆದರೂ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು.

ಪಾಠ ಹೇಳುವ ಮೇಡಂ ಮಗಳ ವಯಸ್ಸಿನವರು. ಅವರದೊಂದು ಕಟ್ಟುನಿಟ್ಟು: ಮೊದಲ ಹತ್ತು ನಿಮಿಷ ಯಾರೂ ಅರ್ಥ ಹೇಳುವಂತಿಲ್ಲ, ಕಂಡದ್ದನ್ನಷ್ಟೇ ಹೇಳಬೇಕು. ಅದೂ ನಾಲ್ಕು ಅಂಚುಗಳಿಂದ ಶುರುಮಾಡಿ ಒಳಕ್ಕೆ ಬರಬೇಕು. ಅಂಚಿನ ವಿಷಯಕ್ಕೆ ಬಂದರೆ ಫ್ರೇಮಣ್ಣನನ್ನು ಮೀರಿಸುವವರಿಲ್ಲ. "ನೋಡೋದನ್ನ ಇವರಿಂದ ಕಲೀರಿ," ಎಂದು ಮೇಡಂ ಅಂದ ದಿನ ಅವರು ಮನೆಗೆ ನಡೆದೇ ಹೋದರು. ಬಸ್ಸಿನಲ್ಲಿ ಆ ಸಂತೋಷ ಹಿಡಿಸುವಂತಿರಲಿಲ್ಲ.

ನಾಲ್ಕನೆಯ ಭಾನುವಾರ ಒಂದು ಜಲವರ್ಣದ ಮುಂದೆ ನಿಂತರು. ಅಡುಗೆಮನೆ. ಬಗ್ಗಿದ ಹೆಂಗಸು ಬಟ್ಟಲು ಚಾಚಿದ್ದಾಳೆ. ಬಲ ಅಂಚು ಆ ಬಟ್ಟಲನ್ನು ಅರ್ಧಕ್ಕೆ ಕಡಿದಿದೆ.

"ತಗೊಳ್ಳೋರು ಯಾರು? ಯಾರೂ ಇಲ್ಲ," ಎಂದರು ಮೇಡಂ. "ಇವಳ ಒಂಟಿತನವೆಲ್ಲ ಇರೋದು ಈ ಅಂಚಲ್ಲಿ." ಪಕ್ಕದ ಗೋಡೆಯ ಫಲಕದಲ್ಲೂ ಅವರು ಅದನ್ನೇ ಬರೆದಿದ್ದರು.

ಫ್ರೇಮಣ್ಣ ನೋಡುತ್ತಿದ್ದುದು ಚೌಕಟ್ಟಿನ ಮೂಲೆಯನ್ನು. ಆ ಮೂಲೆ ಕೂಡಿಸಿದ್ದು ಅವರದೇ ಕೈ.

ಇಪ್ಪತ್ತು ವರ್ಷದ ಹಿಂದೆ ಚಿತ್ರಶಾಲೆ, ಸಾಲು ಅಚ್ಚುಕಟ್ಟಾಗಿ ಕಾಣಲೆಂದು, ಎಲ್ಲಕ್ಕೂ ಒಂದೇ ಅಳತೆಯ ಚೌಕಟ್ಟು ಹೇಳಿತ್ತು. ಈ ಚಿತ್ರ ಎರಡು ಬೆರಳು ಅಗಲ ಹೆಚ್ಚಿತ್ತು. ಮದುವೆ ಫೋಟೋಗಳಿಗೆ ಎಳೆಯುವ ಹಾಗೆ ಇದಕ್ಕೂ ಬ್ಲೇಡು ಎಳೆದಿದ್ದರು. ಕತ್ತರಿಸಿದ್ದು ಕೂದಲೆಳೆ ಹೆಚ್ಚಾಗಿ ಚಿತ್ರ ಅಲುಗಾಡಿತು. ಕತ್ತರಿಸಿದ ಪಟ್ಟಿಯನ್ನೇ ಮಡಚಿ ಸಂದಿಗೆ ತುರುಕಿದ್ದರು.

"ನಿಮಗೇನು ಕಾಣುತ್ತೆ, ಸರ್?"

"ಬಟ್ಟಲು... ಅರ್ಧ ಬಟ್ಟಲು."

"ನೋಡಿ! ಅರ್ಧ ಅನ್ನೋದೇ ಮುಖ್ಯ!"

ಎಲ್ಲರೂ ಮೆಚ್ಚಿ ತಲೆದೂಗಿದರು. ಫ್ರೇಮಣ್ಣನ ಕಿವಿ ಕಾದವು. ನೆಲ ಬಾಯಿ ಬಿಡಲಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋರ ಹಾಗೆ ಯಾಕ್ರೀ ಕೂತಿದ್ದೀರಿ?" ಎಂದಳು ಹೆಂಡತಿ, ಮನೆಯಲ್ಲಿ. ಹೇಳಿದರು. ಅವಳು ನಗಲಿಲ್ಲ.

"ನೀವು ಕತ್ತರಿಸಿದ್ದನ್ನ ಯಾರೂ ನೋಡಿಲ್ಲ ತಾನೇ?"

"ಅದೇ ಕಣೇ. ನಾನೂ ನೋಡಿರಲಿಲ್ಲ."

ಇಡೀ ವಾರ ಬಾಯಿ ಮುಚ್ಚಿಕೊಂಡಿರಲು ಕಾರಣ ಹುಡುಕಿದರು. ಹೇಳಿದರೆ ಆ ತರಗತಿಯಲ್ಲಿ ಮತ್ತೆ ತಲೆ ಎತ್ತುವ ಹಾಗಿಲ್ಲ. ಹೇಳದಿದ್ದರೆ ಆ ಹೆಂಗಸಿನ ಮುಂದೆ ನಿಲ್ಲುವ ಹಾಗಿಲ್ಲ.

ಭಾನುವಾರ ಎಲ್ಲರೆದುರೇ ಹೇಳಿಬಿಟ್ಟರು. ಯಾರೋ ಕಿಸಕ್ಕೆಂದು ನಕ್ಕು ಅರ್ಧದಲ್ಲೇ ನುಂಗಿಕೊಂಡರು. ಮೇಡಂ ಮುಖ ಕಪ್ಪಿಟ್ಟಿತು. ಚಿತ್ರಗಳ ಉಸ್ತುವಾರಿಯವರು ಬಂದು ಚೌಕಟ್ಟು ಇಳಿಸಿ, ಎಂಟು ಮೊಳೆ ಕಿತ್ತರು. ಬಲಸಂದಿಯಿಂದ ಕಂದುಗಟ್ಟಿದ ಮಡಿಕೆಯೊಂದು ಹೊರಬಂತು. ಮೆಲ್ಲಗೆ ಬಿಡಿಸಿ ಚಿತ್ರದ ಪಕ್ಕಕ್ಕಿಟ್ಟರು.

ಬಟ್ಟಲನ್ನು ಕೆಳಗಿನಿಂದ ಹಿಡಿಯಲು ಬಂದ ಮಗುವಿನ ಪುಟ್ಟ ಕೈ.

ಮೇಡಂ ಗೋಡೆಯ ಫಲಕದತ್ತ ಒಮ್ಮೆ ನೋಡಿ ಕಣ್ಣು ಇಳಿಸಿದರು. "ಹತ್ತು ನಿಮಿಷ," ಎಂದರು ಸಣ್ಣ ದನಿಯಲ್ಲಿ. "ಕಾಣೋದನ್ನಷ್ಟೇ ಹೇಳಿ, ಸರ್."

"ಮಗುವಿನ ಕೈ ಇದೆ. ಬಟ್ಟಲಿನ ಉಳಿದರ್ಧ ಇದೆ. ಬೆರಳ ಮೇಲೆ ಮಡಿಕೆ ಬಿದ್ದು ಬಣ್ಣ ಉದುರಿದೆ." ಫ್ರೇಮಣ್ಣನಿಗೆ ತಲೆ ಎತ್ತಲಾಗಲಿಲ್ಲ. "ಕತ್ತರಿಸಿದ ಅಂಚು ನೇರವಾಗಿದೆ, ಮೇಡಂ. ತುಂಬ ನೇರವಾಗಿದೆ."